ನಮ್ಮ ಅಂಗನವಾಡಿಗೆ ಬರುವ ತಾಂಡಾ ಮಕ್ಕಳು ಬಾಯೇ ಬಿಡುತ್ತಿಲ್ಲ, ಏನು ಮಾಡಲಿ?

ಜೋಳದ ಹೊಲ (ವಿಜಯಪುರ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನಾನು ಅಂಗನವಾಡಿ ಕಾರ್ಯಕರ್ತೆ, ಹನ್ನೊಂದು ವರ್ಷದಿಂದ ಇದೇ ಕೆಲಸ. ಪಕ್ಕದ ಕೇಂದ್ರದ ಟೀಚರ್ ನಿವೃತ್ತಿ ಆದರು ಅಂತ ಎರಡು ತಿಂಗಳ ಹಿಂದೆ ನನ್ನನ್ನು ಅಲ್ಲಿಗೆ ಹಾಕಿದರು. ಊರಿಗೂ ತಾಂಡಾಕ್ಕೂ ನಡುವೆ ಇರುವ ಕೇಂದ್ರ. ಮೂರರಿಂದ ಆರು ವರ್ಷದ ಮಕ್ಕಳು 23. ಅದರಲ್ಲಿ 14 ಮಕ್ಕಳು ತಾಂಡಾದವರು, ಮನೆಯಲ್ಲಿ ಲಂಬಾಣಿ.

ಊರಿನ ಮಕ್ಕಳು ಗಲಗಲ ಅಂತಿರುತ್ತಾರೆ. ತಾಂಡಾದವರು ಬಂದು ಕೂರುತ್ತಾರೆ, ಉಣ್ಣುತ್ತಾರೆ, ಹೋಗುತ್ತಾರೆ. ಹಾಡು ಹೇಳಿಸಿದರೆ ಕೈ ಮಾತ್ರ ಆಡಿಸುತ್ತಾರೆ. ದಾರಿಯಲ್ಲಿ ಹೋಗುವಾಗ ಅವರೇ ಎಷ್ಟು ಜೋರಾಗಿ ಮಾತಾಡಿಕೊಂಡು ಹೋಗುತ್ತಾರೆ ಅಂದರೆ, ಆ ದನಿ ಒಳಗೆ ಯಾಕೆ ಬರುವುದಿಲ್ಲ ಅಂತ ನನಗೆ ಸಂಕಟ.

ಹೋದ ವಾರ ಒಂದು ಘಟನೆ ಆಯಿತು. ನಾಲ್ಕು ವರ್ಷದ ಒಂದು ಹುಡುಗಿ. ನನ್ನ ಸೆರಗು ಹಿಡಿದು ಎರಡು ಸಲ ಏನೋ ಹೇಳಿದಳು. ನೀರು ಕೇಳುತ್ತಿದ್ದಾಳೆ ಅಂದುಕೊಂಡು ಲೋಟ ಕೊಟ್ಟೆ. ಕುಡಿದಳು, ನನ್ನ ಮುಖ ನೋಡುತ್ತಾ ಪೂರ್ತಿ ಕುಡಿದಳು. ಐದು ನಿಮಿಷ ಆದ ಮೇಲೆ ಕೂತಲ್ಲೇ ಒದ್ದೆ ಮಾಡಿಕೊಂಡಳು. ಲಂಬಾಣಿ ಗೊತ್ತಿರುವ ನಮ್ಮ ಸಹಾಯಕಿ ಅವತ್ತು ರಜೆ. ಬಟ್ಟೆ ಬದಲಿಸುವಾಗ ಆ ಮಗು ಅಳಲೂ ಇಲ್ಲ. ಆ ಮುಖ ನನ್ನ ಕಣ್ಣ ಮುಂದಿಂದ ಹೋಗುತ್ತಿಲ್ಲ.

ಹಿಂದೆ ಇಲ್ಲಿ "ಒಳಗೆ ಬಂದರೆ ಕನ್ನಡ ಮಾತ್ರ" ಅಂತ ನಿಯಮ ಇತ್ತಂತೆ. ತಾಯಂದಿರು ಈಗಲೂ ಗೇಟಿನ ಹೊರಗೆ ನಿಂತು ಮಕ್ಕಳನ್ನು ಬಿಟ್ಟು ಹೋಗುತ್ತಾರೆ. ಕರೆದರೂ ಒಳಗೆ ಬರುವುದಿಲ್ಲ. ಇಂಥ ಕಡೆ ಕೆಲಸ ಮಾಡಿದವರು ಇದ್ದರೆ ದಾರಿ ಹೇಳಿ.

---

ಗೋರ್ ಹುಡುಗ (ಊರು ಬಾಗಲಕೋಟೆ ಕಡೆ, ಈಗ ಬೆಂಗಳೂರು)

ಅಕ್ಕ, ನೀವು ಕೇಳಿದ್ದಕ್ಕೇ ಕಣ್ಣು ತುಂಬಿತು. ನಾನು ತಾಂಡಾದಲ್ಲಿ ಹುಟ್ಟಿ ಬೆಳೆದವನು. ಒಂದನೇ ಕ್ಲಾಸಿನಲ್ಲಿ "ಪಾಣಿ" ಅಂದಿದ್ದಕ್ಕೆ ಏಟು ತಿಂದಿದ್ದೇನೆ. ನೀರು ಬೇಕು ಅಂದರೆ ನೀರು ಅನ್ನಬೇಕು ಅಂತ. ಆಮೇಲೆ ಆ ವರ್ಷ ಪೂರ್ತಿ ನಾನು ನೀರೇ ಕೇಳಲಿಲ್ಲ. ಮನೆಗೆ ಬಂದು ಕೊಡದ ಮುಂದೆ ಕೂತು ಕುಡಿಯುತ್ತಿದ್ದೆ.

ಅದೇ ಶಾಲೆಯಲ್ಲಿ ಆಗಸ್ಟ್ 15ಕ್ಕೆ ಲಂಬಾಣಿ ಕುಣಿತ ಬೇಕೇ ಬೇಕು. ನಮ್ಮ ಯಾಡಿಯ, ಅಂದರೆ ಅಮ್ಮನ, ಕನ್ನಡಿ ಹಚ್ಚಿದ ಫೇಟಿಯಾ ಲಂಗ ತರಿಸಿ ಬೇರೆ ಹುಡುಗಿಯರಿಗೆ ಉಡಿಸುತ್ತಿದ್ದರು. ನಮ್ಮ ಬಟ್ಟೆ ವೇದಿಕೆ ಮೇಲೆ ಹತ್ತುತ್ತಿತ್ತು, ನಮ್ಮ ಮಾತು ಬಾಗಿಲ ಒಳಗೂ ಬರುವ ಹಾಗಿರಲಿಲ್ಲ. ತಾಯಂದಿರು ಗೇಟಿನ ಹೊರಗೇ ನಿಲ್ಲುತ್ತಾರೆ ಅಂದಿರಲ್ಲ, ಅವರೂ ಹಿಂದೆ ಅದೇ ಬಾಗಿಲ ಒಳಗೆ ಕೂತು ಸುಮ್ಮನಿದ್ದ ಮಕ್ಕಳೇ.

ನಮ್ಮ ಭಾಷೆಗೆ ನಾವು ಗೋರ್ ಬೋಲಿ ಅನ್ನುತ್ತೇವೆ. ರಾಜಸ್ಥಾನಿ, ಗುಜರಾತಿಗೆ ಹತ್ತಿರದ ಮಾತು. ಸ್ವಂತ ಲಿಪಿ ಇಲ್ಲ, ಇಲ್ಲಿ ಬರೆಯುವವರು ಕನ್ನಡ ಅಕ್ಷರದಲ್ಲೇ ಬರೆಯುತ್ತಾರೆ. ಜನಗಣತಿಯಲ್ಲಿ ನಮ್ಮನ್ನು ಹಿಂದಿಯ ಅಡಿಯಲ್ಲಿ ಸೇರಿಸಿ ಎಣಿಸುತ್ತಾರೆ. ಅದಕ್ಕೇ ಒಂದು ಮಾತು: ಈ ಮಕ್ಕಳ ಹತ್ತಿರ ಹಿಂದಿ ಮಾತಾಡಿದರೆ ಅರ್ಥ ಆಗುತ್ತೆ ಅಂದುಕೊಳ್ಳಬೇಡಿ. ಆಗುವುದಿಲ್ಲ.

ನಾಳೆಯಿಂದಲೇ ಶುರು ಮಾಡಲು ಕೆಲವು ಪದ ಕೊಡುತ್ತೇನೆ. ಅಮ್ಮ ಅಂದರೆ ಯಾಡಿ. ನೀರು ಪಾಣಿ. ರೊಟ್ಟಿ ಬಾಟಿ. ಮನೆ ಘರ್. ಬಾ ಅನ್ನಲು ಆವ್. ಮಗು ಬಾಗಿಲಿಗೆ ಬಂದಾಗ "ಆವ್ ಆವ್" ಅನ್ನಿ ಸಾಕು. ಉಚ್ಚಾರ ತಪ್ಪಿದರೆ ನಗುತ್ತಾರೆ, ನಗಲಿ. ಒಳಗೆ ಕೂತು ನಕ್ಕರೆ ಅರ್ಧ ಕೆಲಸ ಆದ ಹಾಗೆ.

ಮತ್ತೆ, ಬಯಲಿಗೆ ಹೋಗಬೇಕು ಅನ್ನಲು ನಿಮ್ಮ ತಾಂಡಾದ ಮಕ್ಕಳು ಏನು ಪದ ಬಳಸುತ್ತಾರೆ ಅಂತ ತಾಯಂದಿರನ್ನೇ ಕೇಳಿ. ಮನೆ ಮನೆಗೂ ಬೇರೆ ಇರುತ್ತದೆ. ನಾನು ಒಂದು ಹೇಳಿ, ಅಲ್ಲಿ ಅದು ನಡೆಯದಿದ್ದರೆ ಮತ್ತೆ ಆ ಮಗು ಒದ್ದೆ ಆಗುತ್ತದೆ.

---

ಕಡಲ ಟೀಚರ್ (ಉಡುಪಿ ಕಡೆ)

ನಮ್ಮ ಕಡೆ ತುಳು ಮನೆಯ ಮಕ್ಕಳು. ಕುಟುಂಬದ ಚಿತ್ರ ತೋರಿಸಿ "ಇದು ಅಮ್ಮ, ಇದು ಅಪ್ಪ" ಅಂತ ಕಲಿಸುವ ಪಾಠ ಇದೆಯಲ್ಲ. ಒಬ್ಬ ಹುಡುಗ ದಿನಾ ಉಲ್ಟಾ ಹೇಳುತ್ತಿದ್ದ. ಸೀರೆ ಉಟ್ಟವಳನ್ನು ತೋರಿಸಿ ಅಪ್ಪ, ಮೀಸೆ ಇದ್ದವನನ್ನು ತೋರಿಸಿ ಅಮ್ಮ. ಹೊಸದಾಗಿ ಬಂದಿದ್ದ ಘಟ್ಟದ ಮೇಲಿನ ಟೀಚರ್ ಈ ಮಗುವಿಗೆ ಏನೋ ತೊಂದರೆ ಇದೆ ಅಂತ ಹೆದರಿಬಿಟ್ಟಿದ್ದರು.

ತುಳುವಿನಲ್ಲಿ ತಾಯಿ ಅಂದರೆ ಅಪ್ಪೆ, ತಂದೆ ಅಂದರೆ ಅಮ್ಮೆ! ಅವನು ಪಕ್ಕಾ ಸರಿ ಹೇಳುತ್ತಿದ್ದ, ತನ್ನ ಭಾಷೆಯಲ್ಲಿ. ಈಗ ನಾವು ಆ ಪಾಠ ಶುರು ಮಾಡುವುದೇ "ನಿಮ್ಮ ಮನೆಯಲ್ಲಿ ಇವರನ್ನು ಏನಂತ ಕರೀತೀರಿ?" ಅಂತ ಕೇಳಿ. ಕೊಂಕಣಿ ಮನೆಯವನು ಒಂದು ಹೇಳುತ್ತಾನೆ, ಬ್ಯಾರಿ ಮನೆಯವಳು ಇನ್ನೊಂದು. ಆಮೇಲೆ ಕನ್ನಡದ ಪದ. ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ, ಆದರೆ ಯಾರೂ ತಪ್ಪಾಗುವುದಿಲ್ಲ.

---

ನೇರ ಮಾತು (ದಾವಣಗೆರೆ)

ನಾನು ಪ್ರಾಥಮಿಕ ಶಾಲೆ ಮೇಷ್ಟ್ರು. ಇಲ್ಲಿ ಯಾರಿಗೂ ಬೇಸರ ಮಾಡುವ ಉದ್ದೇಶ ಇಲ್ಲ, ಆದರೆ ಒಂದು ಕೇಳಲೇಬೇಕು. ಆರು ವರ್ಷಕ್ಕೆ ಈ ಮಕ್ಕಳು ನನ್ನ ಕ್ಲಾಸಿಗೆ ಬರುತ್ತಾರೆ. ಪುಸ್ತಕ ಕನ್ನಡ, ಪರೀಕ್ಷೆ ಕನ್ನಡ. ಅಂಗನವಾಡಿಯಲ್ಲಿ ಮೂರು ವರ್ಷ ಸಿಕ್ಕಿರುತ್ತದೆ. ಅಲ್ಲೂ ಅವರ ಭಾಷೆಯನ್ನೇ ಮಾತಾಡಿಕೊಂಡು ಕೂತರೆ ಕನ್ನಡ ಯಾವಾಗ ಕಲಿಯುವುದು? ಮನೆ ಮಾತು ಮನೆಯಲ್ಲಿ ಹೇಗಿದ್ದರೂ ಬರುತ್ತದೆ, ಅಲ್ವಾ? ಕನ್ನಡ ಕಲಿಸದೆ ಬಿಟ್ಟರೆ ಆ ಮಕ್ಕಳಿಗೇ ಅನ್ಯಾಯ ಆಗುತ್ತದೆ ಅನ್ನುವುದು ನನ್ನ ಭಯ.

---

ಮಾತು ಕಲಿಸುವವಳು (ಮೈಸೂರು)

ಮೇಷ್ಟ್ರೇ, ನಿಮ್ಮ ಭಯ ಸುಳ್ಳಲ್ಲ. ಕನ್ನಡ ಬೇಕೇ ಬೇಕು. ಆದರೆ ಅದು ಯಾವ ದಾರಿಯಲ್ಲಿ ಬರುತ್ತದೆ ಅನ್ನುವುದನ್ನು ನೋಡೋಣ. ನಾನು ವಾಕ್ ಚಿಕಿತ್ಸಕಿ. ಮಾತು ತಡವಾದ ಮಕ್ಕಳ ಜೊತೆ ಕೆಲಸ. ನನ್ನ ಹತ್ತಿರ ಬರುವ ಎಷ್ಟೋ ಮಕ್ಕಳಿಗೆ ತೊಂದರೆಯೇ ಇರುವುದಿಲ್ಲ. ಅವರಿಗೆ ಗೊತ್ತಿಲ್ಲದ ಭಾಷೆಯ ನಡುವೆ ಕೂರಿಸಿರುತ್ತಾರೆ, ಅಷ್ಟೇ.

ಮನೆಯಲ್ಲಿ ಒಂದು ಭಾಷೆ, ಹೊರಗೆ ಇನ್ನೊಂದು ಇದ್ದಾಗ ಮಗು ಮೊದಮೊದಲು ಸುಮ್ಮನಿರುವುದು ಸಹಜ. ಕೆಲವರಿಗೆ ಕೆಲವು ವಾರ, ಕೆಲವರಿಗೆ ತಿಂಗಳುಗಟ್ಟಲೆ. ಆ ಹೊತ್ತಿನಲ್ಲಿ ಅದು ಸುಮ್ನೆ ಕೂತಿರುವುದಿಲ್ಲ, ಕೇಳಿಸಿಕೊಳ್ಳುತ್ತಿರುತ್ತದೆ. ಜೋಳದ ಹೊಲ ಅವರೇ, ನಿಮ್ಮ ಮಕ್ಕಳು ಹಾಡಿಗೆ ಕೈ ಆಡಿಸುತ್ತಾರೆ ಅಂದಿರಲ್ಲ. ಸರಿಯಾದ ಜಾಗದಲ್ಲಿ ಆಡಿಸುತ್ತಾರಾ ನೋಡಿ. ಆನೆ ಅಂದಾಗ ಸೊಂಡಿಲು ಮಾಡಿದರೆ ಪದ ಒಳಗೆ ಇಳಿದಿದೆ ಅಂತ ಅರ್ಥ. ಆಗ "ಹೇಳು, ಹೇಳು" ಅಂತ ಒತ್ತಾಯ ಮಾಡಬೇಡಿ. ತೋರಿಸು ಅನ್ನಿ, ಕೊಡು ಅನ್ನಿ, ತಗೋ ಅನ್ನಿ. ಕೈಯಲ್ಲಿ ಉತ್ತರ ಕೊಡಲು ಬಿಡಿ. ಬಾಯಿ ಆಮೇಲೆ ತಾನಾಗಿ ಬರುತ್ತದೆ.

ಈಗ ಮುಖ್ಯ ವಿಷಯ. ತಾಯಿಗೆ "ಮನೆಯಲ್ಲೂ ಕನ್ನಡವೇ ಮಾತಾಡಿ" ಅಂತ ದಯವಿಟ್ಟು ಯಾರೂ ಹೇಳಬೇಡಿ. ಹೇಳಿದರೆ ಏನಾಗುತ್ತದೆ ಅಂತ ನಾನು ನೋಡಿದ್ದೇನೆ. ಆ ತಾಯಿಗೆ ಬರುವುದು ನಾಲ್ಕು ಪದ ಕನ್ನಡ. "ಬಾ, ತಿನ್ನು, ಮಲಗು, ಬೇಡ." ಮಗುವಿನ ಜೊತೆ ಅಷ್ಟೇ ಮಾತು ಉಳಿಯುತ್ತದೆ. ಕಥೆ ನಿಂತಿತು, ಜಗಳ ನಿಂತಿತು, "ಚಂದ್ರ ಯಾಕೆ ನಮ್ಮ ಹಿಂದೆ ಬರುತ್ತಾನೆ" ಅನ್ನುವ ಪ್ರಶ್ನೆಗೆ ಉತ್ತರ ನಿಂತಿತು. ಕನ್ನಡವೂ ಗಟ್ಟಿಯಾಗಲಿಲ್ಲ, ಮನೆ ಮಾತೂ ಸೊರಗಿತು. ಒಂದು ಭಾಷೆಯಲ್ಲಿ ಕಥೆ ಕೇಳಿ ಅಭ್ಯಾಸ ಇರುವ ಮಗುವಿಗೆ ಎರಡನೇ ಭಾಷೆಯಲ್ಲಿ ಕಥೆ ಏನು ಅಂತ ಮತ್ತೆ ಕಲಿಸಬೇಕಿಲ್ಲ. ಪದ ಮಾತ್ರ ಕಲಿಸಬೇಕು. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಎಂಟು ವರ್ಷದವರೆಗೆ ಮನೆ ಮಾತಿಗೇ ಮೊದಲ ಜಾಗ ಕೊಡಿ ಅನ್ನುತ್ತದೆ.

ಒಂದು ಎಚ್ಚರಿಕೆ ಮಾತ್ರ. "ಭಾಷೆ ಬೇರೆ, ಅದಕ್ಕೇ ಸುಮ್ಮನಿದೆ" ಅಂತ ಎಲ್ಲ ಮಕ್ಕಳನ್ನೂ ಬಿಟ್ಟುಬಿಡಬೇಡಿ. ಮನೆಯಲ್ಲಿ ತನ್ನ ಭಾಷೆಯಲ್ಲಿ ಮಾತಾಡುತ್ತಾ ಅಂತ ತಾಯಿಯನ್ನು ಕೇಳಿ. ಎರಡು ವರ್ಷ ತುಂಬಿದ ಮಗು ಯಾವ ಭಾಷೆಯಲ್ಲಾದರೂ ಎರಡು ಪದ ಜೋಡಿಸಬೇಕು. "ಯಾಡಿ ಆವ್" ಅಂದರೂ ಸರಿ. ಮನೆಯಲ್ಲೂ ಇಲ್ಲ, ಹಿಂದಿನಿಂದ ಹೆಸರು ಕೂಗಿದರೂ ತಿರುಗುವುದಿಲ್ಲ ಅಂದರೆ ಕಿವಿ ಪರೀಕ್ಷೆ ಆಗಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರುತ್ತದಲ್ಲ, ಆಗ ಆ ಮಗುವನ್ನು ತಪ್ಪದೆ ತೋರಿಸಿ. ನಮ್ಮ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪುಟ್ಟ ಮಕ್ಕಳ ಶಾಲೆಯೇ ಇದೆ. ಅಲ್ಲಿ ತಾಯಂದಿರೂ ಮಕ್ಕಳ ಪಕ್ಕ ಕೂತು ಕಲಿಯುತ್ತಾರೆ. ಅದನ್ನು ನೋಡಿದ ಮೇಲೆ ನನಗೆ ತಾಯಿಯನ್ನು ಗೇಟಿನ ಹೊರಗೆ ಬಿಡುವ ಯಾವ ಪದ್ಧತಿಯೂ ಒಪ್ಪಿಗೆ ಆಗುವುದಿಲ್ಲ.

---

ಜೋಳದ ಹೊಲ (ವಿಜಯಪುರ ಜಿಲ್ಲೆ)

ಮೇಡಂ, ಇವತ್ತು ಗಮನಿಸಿದೆ. ಆನೆ ಬಂದಾಗ ಆ ಹುಡುಗಿ ಸೊಂಡಿಲು ಮಾಡಿದಳು. ಎಲ್ಲರಿಗಿಂತ ಮೊದಲು.

---

ಚಳಿ ಊರಿನ ಅಮ್ಮ (ಜರ್ಮನಿ)

ಈ ಚರ್ಚೆ ಓದಿ ಸುಮ್ಮನೆ ಹೋಗಲು ಆಗಲಿಲ್ಲ. ನಾನು ಆ ಗೇಟಿನ ಹೊರಗೆ ನಿಂತ ತಾಯಿಯ ಜಾಗದಲ್ಲಿ ಇದ್ದೆ. ಹಾಸನದ ಹುಡುಗಿ, ಗಂಡನ ಕೆಲಸಕ್ಕೆ ಇಲ್ಲಿಗೆ ಬಂದವರು. ಮಗನಿಗೆ ಮೂರು ವರ್ಷ, ಕನ್ನಡ ಬಿಟ್ಟು ಒಂದಕ್ಷರ ಬೇರೆ ಬರುವುದಿಲ್ಲ. ಇಲ್ಲಿನ ಬಾಲವಾಡಿಗೆ ಕೀಟಾ ಅನ್ನುತ್ತಾರೆ.

ಇಲ್ಲಿ ಒಂದು ಪದ್ಧತಿ ಇದೆ, ಬರ್ಲಿನ್ ಮಾದರಿ ಅಂತ ಹೆಸರು. ಮೊದಲ ಮೂರು ದಿನ ತಾಯಿ ಅಥವಾ ತಂದೆ ಮಗುವಿನ ಜೊತೆ ಒಳಗೇ ಕೂರಬೇಕು, ದಿನಕ್ಕೆ ಒಂದು ಗಂಟೆಯಷ್ಟು. ಬಿಟ್ಟು ಹೋಗುವ ಹಾಗೇ ಇಲ್ಲ. ನಾಲ್ಕನೇ ದಿನ ಸ್ವಲ್ಪ ಹೊತ್ತು ಹೊರಗೆ ಹೋಗಿ ನೋಡುತ್ತಾರೆ. ಮಗು ತುಂಬಾ ಅತ್ತರೆ ಮತ್ತೆ ಒಳಗೆ. ಹೀಗೆ ಎರಡು ಮೂರು ವಾರ, ಕೆಲವರಿಗೆ ಇನ್ನೂ ಜಾಸ್ತಿ.

ಎರಡನೇ ದಿನ ಅಲ್ಲಿನ ಟೀಚರ್ ಒಂದು ಹಾಳೆ, ಪೆನ್ನು ತಂದು ನನ್ನ ಪಕ್ಕ ನೆಲದ ಮೇಲೆ ಕೂತರು. ನಿನ್ನ ಮಗನಿಗೆ ತುಂಬಾ ಬೇಕಾಗುವ ಪದ ಹೇಳು ಅಂದರು. ನಾನು ನಾಲ್ಕು ಹೇಳಿದೆ. ನೀರು, ಸಾಕು, ಸುಸು, ಅಮ್ಮ ಬರ್ತಾಳೆ. ಅವರ ಅಕ್ಷರದಲ್ಲಿ ಬರೆದುಕೊಂಡು ನನ್ನಿಂದ ಐದಾರು ಸಲ ಹೇಳಿಸಿಕೊಂಡು, ಬಚ್ಚಲ ಬಾಗಿಲಿಗೆ ಒಂದು, ಊಟದ ಕೋಣೆಗೆ ಒಂದು ಅಂಟಿಸಿದರು. ಅಲ್ಲಿನ ಎಲ್ಲ ಕೆಲಸದವರಿಗೂ ಕಾಣುವ ಹಾಗೆ.

ನಾನು ಮೊದಲ ಸಲ ಪೂರ್ತಿ ಹೊರಗೆ ಹೋದ ದಿನ, ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಮಗ ಅಳುತ್ತಿದ್ದ. ಆಕೆ "ಅಮ್ಮಾ ಬರ್ತಾಲೆ, ಅಮ್ಮಾ ಬರ್ತಾಲೆ" ಅನ್ನುತ್ತಿದ್ದರು. ಆ "ಲೆ" ಇವತ್ತಿಗೂ ನನ್ನ ಕಿವಿಯಲ್ಲಿದೆ. ಜೋಳದ ಹೊಲ ಅಕ್ಕ, ನಿಮ್ಮ ಲಂಬಾಣಿ ತಪ್ಪಿದರೂ ಪರವಾಗಿಲ್ಲ. ಆ ತಾಯಂದಿರಿಗೆ ಅದು ಹೇಗೆ ಕೇಳಿಸುತ್ತದೆ ಅಂತ ನನಗೆ ಗೊತ್ತು.

---

ಒಲೆ ಮುಂದೆ (ಊರು ಬೇಡ)

ನಾನು ಸಹಾಯಕಿ. ಭಾಷೆಯ ಬಗ್ಗೆ ಎಲ್ಲರೂ ಚೆನ್ನಾಗಿ ಹೇಳಿದ್ದೀರಿ. ನಾನು ಊಟದ ಬಗ್ಗೆ ಹೇಳಬೇಕು. ನಾನು ದಲಿತ ಹೆಂಗಸು. ಕೆಲಸಕ್ಕೆ ಸೇರಿದ ಮೊದಲ ತಿಂಗಳು ನಾಲ್ಕು ಮನೆಯವರು ಮಕ್ಕಳನ್ನು ಕಳಿಸುವುದು ನಿಲ್ಲಿಸಿದರು. ಕಾರಣ ಯಾರೂ ಬಾಯಿಬಿಟ್ಟು ಹೇಳಲಿಲ್ಲ. "ಮಗುವಿಗೆ ಹುಷಾರಿಲ್ಲ" ಅಂದರು. ನಾಲ್ಕು ಮನೆಯಲ್ಲೂ ಒಂದೇ ಸಲ ಹುಷಾರಿಲ್ಲ.

ನಮ್ಮ ಟೀಚರ್ ಬೇರೆ ಜಾತಿಯವರು. ಅವರು ನನ್ನನ್ನು ಹಿಂದೆ ಸರಿಸಿ ಬೇರೆಯವರ ಕೈಯಲ್ಲಿ ಬಡಿಸಲಿಲ್ಲ. ಹಾಗೆ ಮಾಡಿದ್ದರೆ ಮಕ್ಕಳು ಮರುದಿನವೇ ವಾಪಸ್ ಬರುತ್ತಿದ್ದರು, ಅದು ನನಗೂ ಗೊತ್ತಿತ್ತು. ಅದರ ಬದಲು ದಿನಾ ನಾನು ಬಡಿಸಿದ ಅನ್ನ ಸಾಂಬಾರನ್ನು ಮಕ್ಕಳ ಸಾಲಿನಲ್ಲೇ ಕೂತು ಉಂಡರು. ಆ ನಾಲ್ಕು ಮನೆಗೂ ಹೋದರು, ಜಗಳ ಆಡಲಿಲ್ಲ. ಬಾಲವಿಕಾಸ ಸಮಿತಿ ಸಭೆಯಲ್ಲಿ ಸೂಪರ್‌ವೈಸರ್ ಮೇಡಂ ಕೂಡ ಬಂದು ಇದು ಅಸ್ಪೃಶ್ಯತೆಯನ್ನು ನಿಷೇಧಿಸುವ ಸಂವಿಧಾನದ 17ನೇ ವಿಧಿಯ ವಿಷಯ, ಹೊಂದಾಣಿಕೆಯ ವಿಷಯ ಅಲ್ಲ ಅಂತ ಸ್ಪಷ್ಟವಾಗಿ ಹೇಳಿದರು. ಮೂರು ಮಕ್ಕಳು ಬಂದರು. ಒಂದು ಮನೆಯವರು ಇವತ್ತಿಗೂ ಕಳಿಸುವುದಿಲ್ಲ.

ಎಲ್ಲರನ್ನೂ ಗೌರವಿಸಬೇಕು, ಎಲ್ಲರ ಮನೆ ಪದ್ಧತಿಗೂ ಜಾಗ ಕೊಡಬೇಕು ಅನ್ನುತ್ತೀರಿ. ಸರಿ. ಆದರೆ ನನ್ನ ಕೈಯ ಅನ್ನ ಬೇಡ ಅನ್ನುವುದೂ ಒಂದು ಮನೆಯ ಪದ್ಧತಿಯೇ. ಅದಕ್ಕೆ ಜಾಗ ಕೊಡಬಾರದು. ಈ ಎರಡನ್ನೂ ಕಲಸಬೇಡಿ ಅಂತ ನನ್ನ ಬೇಡಿಕೆ.

---

ಗೋರ್ ಹುಡುಗ

ಅಕ್ಕ, ನಿಮ್ಮ ಈ ಮಾತು ಎಲ್ಲಕ್ಕಿಂತ ಮೊದಲು ಬರಬೇಕಿತ್ತು. ಕೈ ಮುಗಿದೆ.

---

ಎರಡು ಮಕ್ಕಳ ತಂದೆ (ತುಮಕೂರು)

ಹಾಗಾದರೆ ಮೊಟ್ಟೆ? ನಮ್ಮ ಮನೆಯಲ್ಲಿ ತಿನ್ನುವುದಿಲ್ಲ. ಮಗಳು ಹೋಗುವ ಕಡೆ ಮೊಟ್ಟೆ ತಿನ್ನುವವರು ಒಂದು ಕಡೆ, ತಿನ್ನದವರು ಒಂದು ಕಡೆ ಕೂರುತ್ತಾರೆ. ನಾನು ಕೇಳಿದ್ದಲ್ಲ, ಅವರೇ ಮಾಡಿದ್ದು. ಇದೂ ತಪ್ಪಾ?

---

ಒಲೆ ಮುಂದೆ

ಅಣ್ಣ, ತಿನ್ನದೆ ಇರುವುದು ತಪ್ಪಲ್ಲ. ಬಲವಂತ ಯಾರೂ ಮಾಡಬಾರದು. ಆದರೆ ಎರಡು ಸಾಲು ಮಾಡಿದರೆ ನಾಲ್ಕು ದಿನದಲ್ಲಿ ಅದು ಮೊಟ್ಟೆಯ ಸಾಲಾಗಿ ಉಳಿಯುವುದಿಲ್ಲ, ಜಾತಿಯ ಸಾಲಾಗುತ್ತದೆ. ಮಕ್ಕಳು ಬೇಗ ಓದಿಕೊಳ್ಳುತ್ತಾರೆ. ನಮ್ಮಲ್ಲಿ ಎಲ್ಲರೂ ಸೇರಿಕೊಂಡು ಕೂರುತ್ತಾರೆ, ತಿನ್ನದ ಮಗುವಿನ ತಟ್ಟೆಗೆ ಹಾಕುವುದಿಲ್ಲ. ಪಕ್ಕದವಳು ತಿನ್ನುತ್ತಾಳೆ, ಇವಳು ತನ್ನ ಊಟ ಮಾಡುತ್ತಾಳೆ. ಇಷ್ಟು ವರ್ಷದಲ್ಲಿ ಒಂದು ಜಗಳ ಆಗಿಲ್ಲ. ನಿಮ್ಮ ಟೀಚರ್ ಹತ್ತಿರ ನೀವೇ ಹೋಗಿ "ನನ್ನ ಮಗಳನ್ನು ಎಲ್ಲರ ಜೊತೆ ಕೂರಿಸಿ" ಅನ್ನಿ. ತಿನ್ನದ ಮನೆಯವರೇ ಹೇಳಿದರೆ ಬೇಗ ಆಗುತ್ತದೆ.

---

ಎರಡು ಮಕ್ಕಳ ತಂದೆ

ಸೋಮವಾರ ಹೋಗಿ ಹೇಳುತ್ತೇನೆ.

---

ಬಿಸಿ ಚಾ (ಕಲಬುರಗಿ)

ನಮ್ಮ ಮನೆ ಮಾತು ದಖನಿ. ಮಗಳ ಹೆಸರು ಸ್ವಲ್ಪ ಉದ್ದ. ಮೊದಲು ಹೋಗುತ್ತಿದ್ದ ಕಡೆ ಅರ್ಧ ಕತ್ತರಿಸಿ ಕರೆಯುತ್ತಿದ್ದರು, ಕೊನೆಗೆ "ಬೇಗಂ" ಅಂತ ಶುರುಮಾಡಿದರು. ಪ್ರೀತಿಯಿಂದಲೇ ಇರಬಹುದು. ಆದರೆ ಅವಳಿಗೆ ಅದು ತನ್ನ ಹೆಸರು ಅಂತ ಗೊತ್ತಾಗುತ್ತಿರಲಿಲ್ಲ, ತಿರುಗಿ ನೋಡುತ್ತಿರಲಿಲ್ಲ. "ನಿಮ್ಮ ಮಗಳಿಗೆ ಕಿವಿ ಕೇಳಿಸುತ್ತಾ" ಅಂತ ನನ್ನನ್ನೇ ಕೇಳಿದರು. ಈಗಿನ ಟೀಚರ್ ಮೊದಲ ದಿನವೇ "ಹೆಸರು ನೀವೇ ಒಂದು ಸಲ ಹೇಳಿ, ನಾನು ಕಲಿತುಕೊಳ್ಳುತ್ತೇನೆ" ಅಂದರು. ಅಷ್ಟಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು.

ಇನ್ನೊಂದು. ರಂಜಾನ್ ಬಂದಾಗ ಮಾತ್ರ ನಮ್ಮನ್ನು ಕರೆದು ಶೀರ್ ಖುರ್ಮಾ ಮಾಡಿ ತನ್ನಿ ಅನ್ನುತ್ತಾರೆ. ಸಂತೋಷವೇ, ತರುತ್ತೇವೆ. ಆದರೆ ಸುಮ್ನೆ ಒಂದು ಮಂಗಳವಾರವೂ ಕರೆಯಿರಿ. ನನಗೆ ಟೈಲರಿಂಗ್ ಬರುತ್ತದೆ. ಮಕ್ಕಳಿಗೆ ಬಟ್ಟೆ ಗೊಂಬೆ ಹೊಲಿದು ಕೊಡಬಲ್ಲೆ. ಹಬ್ಬದ ದಿನಕ್ಕೆ ಮಾತ್ರ ಬೇಕಾಗುವವರು ನಾವಲ್ಲ.

---

ಹಳೆ ರಿಜಿಸ್ಟರ್ (ನಿವೃತ್ತ ಮೇಲ್ವಿಚಾರಕಿ)

ಮಕ್ಕಳೇ, ಮಕ್ಕಳೇ ಅನ್ನುತ್ತೇನೆ, ನನಗೆ ವಯಸ್ಸಾಗಿದೆ. ಈ ಇಲಾಖೆಯಲ್ಲಿ ಮೂವತ್ತು ವರ್ಷ ಓಡಾಡಿದ್ದೇನೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಗಿದ್ದು 1975ರ ಅಕ್ಟೋಬರ್ 2ರಂದು, ನಮ್ಮ ರಾಜ್ಯದಲ್ಲಿ ಮೊದಲು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ. ಅದಕ್ಕೂ ಮೊದಲು ಮಹಾರಾಷ್ಟ್ರದ ಕೋಸ್‌ಬಾಡ್‌ನಲ್ಲಿ ತಾರಾಬಾಯಿ ಮೋಡಕ್, ಅನುತಾಯಿ ವಾಘ್ ಅನ್ನುವ ಇಬ್ಬರು ಹೆಂಗಸರು ವಾರ್ಲಿ ಆದಿವಾಸಿ ಮಕ್ಕಳಿಗೆ ಶಾಲೆ ನಡೆಸಿದರು. ಮಕ್ಕಳು ಶಾಲೆಗೆ ಬರುತ್ತಿರಲಿಲ್ಲ. ಆಗ ಅವರು ಶಾಲೆಯನ್ನೇ ಮಕ್ಕಳ ಮನೆಯ ಅಂಗಳಕ್ಕೆ ತೆಗೆದುಕೊಂಡು ಹೋದರು. ದನ ಮೇಯಿಸುವ ಮಕ್ಕಳ ಹತ್ತಿರ ಹುಲ್ಲುಗಾವಲಿಗೇ ಹೋಗಿ ಕಲಿಸಿದರು. ಅಂಗನವಾಡಿ ಅನ್ನುವ ಹೆಸರಿನಲ್ಲಿ ಆ ಅಂಗಳ ಇದೆ. ಆದ್ದರಿಂದ ಜೋಳದ ಹೊಲ ಅವರಿಗೆ ನನ್ನ ಸಲಹೆ ಒಂದೇ. ತಾಯಂದಿರು ಗೇಟು ದಾಟಿ ಒಳಗೆ ಬರುತ್ತಿಲ್ಲ ಅಂದರೆ ನೀವು ದಾಟಿ ಹೊರಗೆ ಹೋಗಿ. ಸಂಜೆ ತಾಂಡಾಕ್ಕೆ ಹೋಗಿ ಯಾರದಾದರೂ ಮನೆ ಮುಂದೆ ಕೂತು ಚಹಾ ಕುಡಿಯಿರಿ. ರಿಜಿಸ್ಟರ್ ತೆಗೆದುಕೊಂಡು ಹೋಗಬೇಡಿ. ರಿಜಿಸ್ಟರ್ ಕಂಡರೆ ಜನ ಸರ್ಕಾರ ಬಂತು ಅಂದುಕೊಳ್ಳುತ್ತಾರೆ.

ರಿಜಿಸ್ಟರ್ ಅಂದಿದ್ದಕ್ಕೆ ನೆನಪಾಯಿತು. ದಾಖಲಾತಿ ದಿನ ಎಲ್ಲರ ಮುಂದೆ "ತಂದೆ ಹೆಸರೇನು" ಅಂತ ಜೋರಾಗಿ ಕೇಳುವುದನ್ನು ನಿಲ್ಲಿಸಿ. ನಾನು ಕೊಪ್ಪಳ, ಬಳ್ಳಾರಿ ಕಡೆ ಕೆಲಸ ಮಾಡಿದವಳು. ದೇವದಾಸಿ ಬಿಡುವ ಪದ್ಧತಿಯನ್ನು 1982ರಲ್ಲೇ ಕಾನೂನು ನಿಷೇಧಿಸಿತು. ಆದರೆ ಆ ತಾಯಂದಿರು, ಅವರ ಮಕ್ಕಳು ಊರಲ್ಲೇ ಇದ್ದಾರೆ. ಒಂದು ಸಲ ಒಬ್ಬ ತಾಯಿ ಆ ಪ್ರಶ್ನೆ ಕೇಳಿದ ತಕ್ಷಣ ಮಗುವನ್ನು ಎತ್ತಿಕೊಂಡು ಎದ್ದು ಹೋದಳು. ಮತ್ತೆ ಬರಲಿಲ್ಲ. ಕೇಳಿದವಳು ನಾನೇ. ಅವತ್ತಿನಿಂದ ನನ್ನ ವಲಯದಲ್ಲಿ "ಮಗುವನ್ನು ಯಾರು ನೋಡಿಕೊಳ್ಳುತ್ತಾರೆ?" ಅಂತ ಕೇಳಲು ಹೇಳಿಕೊಟ್ಟೆ. ಅಜ್ಜಿ ಅನ್ನುತ್ತಾರೆ, ಅಕ್ಕ ಅನ್ನುತ್ತಾರೆ, ಅಪ್ಪ ಅನ್ನುತ್ತಾರೆ. ಉಳಿದಿದ್ದನ್ನು ಆಮೇಲೆ ಒಬ್ಬರೇ ಇದ್ದಾಗ ಮೆಲ್ಲಗೆ ಕೇಳಿ ಬರೆದುಕೊಳ್ಳಬಹುದು.

---

ನೇರ ಮಾತು (ದಾವಣಗೆರೆ)

ಎಲ್ಲ ಓದಿದೆ. ನನ್ನ ಕ್ಲಾಸಿನಲ್ಲಿ ಉರ್ದು ಮನೆಯವರು, ತೆಲುಗು ಮನೆಯವರು ಇದ್ದಾರೆ. ನಿನ್ನೆ ಬೆಕ್ಕಿನ ಚಿತ್ರ ತೋರಿಸಿ, ಮನೆಯಲ್ಲಿ ಇದಕ್ಕೆ ಏನಂತೀರಿ ಅಂತ ಕೇಳಿದೆ. ಒಬ್ಬ ಬಿಲ್ಲಿ ಅಂದ. ಒಬ್ಬಳು ಪಿಲ್ಲಿ ಅಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗಲು ಶುರು ಮಾಡಿದರು. ಬೋರ್ಡಿನ ಮೇಲೆ ಬೆಕ್ಕು, ಬಿಲ್ಲಿ, ಪಿಲ್ಲಿ ಮೂರನ್ನೂ ಬರೆದೆ. ಜೂನ್‌ನಿಂದ ನನ್ನ ಹತ್ತಿರ ಒಂದು ಮಾತೂ ಆಡದಿದ್ದ ಹುಡುಗ ಎದ್ದು ಬಂದು "ಸಾರ್, ಬಿಲ್ಲಿಗೆ ಬೆಕ್ಕಿನ ಬ ಐತಿ" ಅಂದ. ಅಕ್ಷರ ಗುರುತಿಸಿದ್ದ! ಕನ್ನಡದಲ್ಲೇ ಹೇಳಿದ.

ಪಠ್ಯ ಮುಗಿಸುವ ಒತ್ತಡ ನನಗೆ ಹಾಗೇ ಇದೆ, ಅದು ಹೋಗಿಲ್ಲ. ಆದರೆ ಇದನ್ನು ಇನ್ನು ಬಿಡುವುದಿಲ್ಲ.

---

ಜೋಳದ ಹೊಲ (ವಿಜಯಪುರ ಜಿಲ್ಲೆ)

ಮೂರು ವಾರ ಆಯಿತು. ಏನೇನು ಮಾಡಿದೆ ಅಂತ ಹೇಳುತ್ತೇನೆ.

ಮೊದಲು ತಾಂಡಾಕ್ಕೆ ಹೋದೆ, ಬರಿಗೈಯಲ್ಲಿ. ಆ ಹುಡುಗಿಯ ಮನೆ ಮುಂದೆಯೇ ಕೂತೆ. ಅವತ್ತು ಆದದ್ದಕ್ಕೆ ಅವಳ ತಾಯಿಯ ಹತ್ತಿರ ತಪ್ಪಾಯಿತು ಅಂತ ಕೇಳಿಕೊಂಡೆ. ಆಕೆ ಏನೂ ಹೇಳಲಿಲ್ಲ, ಒಳಗೆ ಹೋಗಿ ಚಹಾ ಮಾಡಿ ತಂದಳು. ಆಮೇಲೆ ಬಯಲಿಗೆ ಹೋಗುವ ಪದ ಕೇಳಿದೆ. ಸುತ್ತ ನಿಂತಿದ್ದ ಹೆಂಗಸರೆಲ್ಲ ನಕ್ಕು ಹೇಳಿಕೊಟ್ಟರು. ಹನ್ನೆರಡು ಪದ ಆಯಿತು. ಹಾಳೆಯ ಮೇಲೆ ದೊಡ್ಡದಾಗಿ ಕನ್ನಡ ಅಕ್ಷರದಲ್ಲಿ ಬರೆದು, ಪಕ್ಕ ಚಿತ್ರ ಹಾಕಿ ಗೋಡೆಗೆ ಹಚ್ಚಿದೆ.

ನಮ್ಮ ಸಹಾಯಕಿ ಇಷ್ಟು ವರ್ಷ ಒಳಗೆ ಲಂಬಾಣಿ ಮಾತಾಡಲು ಹೆದರುತ್ತಿದ್ದಳಂತೆ. ಈಗ ದಿನಾ ಅರ್ಧ ಗಂಟೆ ಕಥೆ ಅವಳದೇ. ಅದೇ ಕಥೆಯನ್ನು ಮರುದಿನ ನಾನು ಕನ್ನಡದಲ್ಲಿ ಹೇಳುತ್ತೇನೆ. ಕಥೆ ಗೊತ್ತಿರುವುದರಿಂದ ಮಕ್ಕಳು ನನಗಿಂತ ಮುಂದೆ ಓಡುತ್ತಾರೆ. ಊರಿನ ಮಕ್ಕಳೂ ಲಂಬಾಣಿ ಕಥೆಯನ್ನು ಬಾಯಿ ತೆರೆದುಕೊಂಡು ಕೇಳುತ್ತಾರೆ. ಊರಿನ ಒಬ್ಬ ತಂದೆ ಬಂದು "ನಮ್ಮ ಹುಡುಗನಿಗೆ ಅವರ ಮಾತು ಕಲಿಸ್ತೀರೇನು" ಅಂತ ಸಿಟ್ಟಾದರು. ಅವರ ಮಗ ಅಲ್ಲೇ ನಿಂತು ಹಾಡು ಹೇಳಿ ತೋರಿಸಿದ. ಅವರು ಪೂರ್ತಿ ಒಪ್ಪಿ ಹೋಗಿಲ್ಲ. ಮತ್ತೆ ಮಾತಾಡಬೇಕು.

ಮೊನ್ನೆ ಬೆಳಿಗ್ಗೆ ನಾನು ಹತ್ತು ನಿಮಿಷ ತಡವಾಗಿ ಹೋದೆ. ಆ ಹುಡುಗಿ ಮೆಟ್ಟಿಲ ಮೇಲೆ ಕೂತಿದ್ದಳು. ನನ್ನನ್ನು ನೋಡಿ ಎದ್ದು ನಿಂತು, ಕೈ ಮುಂದೆ ಮಾಡಿ, "ಆವ್ ಟೀಚರ್, ಆವ್" ಅಂದಳು.

ಈಗ ಹೊಸ ಚಿಂತೆ. ದೀಪಾವಳಿ ಮುಗಿದ ಮೇಲೆ ತಾಂಡಾದವರು ಕಬ್ಬು ಕಡಿಯಲು ಹೋಗುತ್ತಾರೆ. 14ರಲ್ಲಿ 9 ಮಕ್ಕಳು ಜೊತೆಯಲ್ಲಿ ಹೋಗುತ್ತಾರೆ. ಬರುವುದು ಯುಗಾದಿ ಹೊತ್ತಿಗೆ. ಅಷ್ಟರಲ್ಲಿ ಎಲ್ಲ ಮರೆತುಬಿಡುತ್ತಾರೆ ಅಂತ ಭಯ.

---

ಹಳೆ ರಿಜಿಸ್ಟರ್

ಅಂಗನವಾಡಿ ದಾಖಲೆ ಇಡುವ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ವಲಸೆ ಹೋಗುವವರನ್ನು ಬೇರೆ ಕೇಂದ್ರಕ್ಕೆ ದಾಟಿಸುವ ಅವಕಾಶ ಇದೆ. ಮಗುವಿನ ಆಧಾರ್ ಇಲ್ಲದಿದ್ದರೆ ತಾಯಿಯದು ನಡೆಯುತ್ತದೆ. ಹೋಗುವ ಮೊದಲು ಯಾವ ಊರು, ಯಾವ ಮೇಸ್ತ್ರಿ ಅಂತ ತಾಯಂದಿರ ಹತ್ತಿರ ಕೇಳಿ ಬರೆದುಕೊಳ್ಳಿ. ಅಲ್ಲಿನ ಕೇಂದ್ರದವರಿಗೆ ನೀವೇ ಫೋನ್ ಮಾಡಿ. ಆ್ಯಪ್ ಹೆಸರನ್ನು ದಾಟಿಸುತ್ತದೆ, ಮಗುವಿನ ವಿಷಯ ನೀವೇ ಹೇಳಬೇಕು.

---

ಕಾಲುವೆ ದಂಡೆ (ಮಂಡ್ಯ ಜಿಲ್ಲೆ)

ನಾನೂ ಕಾರ್ಯಕರ್ತೆ. ನಮ್ಮ ಕೇಂದ್ರದ ಹಿಂದಿನ ಬಯಲಲ್ಲೇ ಕಬ್ಬು ಕಡಿಯುವವರು ಪ್ರತಿ ವರ್ಷ ಗುಡಿಸಲು ಹಾಕುತ್ತಾರೆ. ಮಕ್ಕಳು ನಮ್ಮ ಬೇಲಿ ಹಿಡಿದುಕೊಂಡು ಒಳಗೆ ನೋಡುತ್ತಾ ನಿಂತಿರುತ್ತಾರೆ. ಕರೆದರೆ ಓಡಿಹೋಗುತ್ತಾರೆ. ನಾನು ಇಷ್ಟು ದಿನ ಕನ್ನಡದಲ್ಲಿ ಕರೆಯುತ್ತಿದ್ದೆ. ನಿಮ್ಮವರೇ ಬರುತ್ತಾರೋ ಬೇರೆ ತಾಂಡಾದವರೋ ಗೊತ್ತಿಲ್ಲ, ಆ ಹನ್ನೆರಡು ಪದದ ಹಾಳೆಯ ಫೋಟೋ ಇಲ್ಲಿ ಹಾಕುತ್ತೀರಾ?

---

ಜೋಳದ ಹೊಲ

ನಾಳೆ ಬೆಳಿಗ್ಗೆ ಕೇಂದ್ರಕ್ಕೆ ಹೋದ ಕೂಡಲೇ ಹಾಕುತ್ತೇನೆ. ಸಹಾಯಕಿಯ ದನಿಯಲ್ಲಿ ಪದಗಳನ್ನು ಹೇಳಿಸಿ ರೆಕಾರ್ಡ್ ಮಾಡಿ ಅದನ್ನೂ ಕಳಿಸುತ್ತೇನೆ. "ಆವ್" ಅನ್ನುವಾಗ ಸ್ವಲ್ಪ ಎಳೆಯಬೇಕು, ಬರೆದರೆ ಅದು ತಿಳಿಯುವುದಿಲ್ಲ.